ಮಾಟುಂಗಾದ ಒಂದು ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಸೆಂಟರ್: ನಮಗಾದ ಅನುಭವ

ಮಗಳು ಇಲ್ಲೇ ಮುಂಬೈಯಲ್ಲಿ ಬಿಎಸ್ಸಿ ಎರಡನೇ ವರ್ಷ. ಅಮೆರಿಕದ ನಾಲ್ಕು ವರ್ಷದ ಡಿಗ್ರಿಗೆ ಟ್ರಾನ್ಸ್‌ಫರ್ ಆಗಬೇಕು ಅಂತ ಅವಳ ಆಸೆ. ಮೈಸೂರು ಅಸೋಸಿಯೇಷನ್‌ನಲ್ಲಿ ಸಿಕ್ಕ ಪರಿಚಯದವರು ಹೇಳಿದರು ಅಂತ ಈ ಸೆಂಟರ್‌ಗೆ ಹೋದೆವು.

ಅಲ್ಲಿನ ಮೇಡಂ ನಿಜಕ್ಕೂ ತಿಳಿದವರು. ಮಾರ್ಕ್‌ಶೀಟ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದು ವಿಷಯದ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ, ಯಾವುದಕ್ಕೆ ಅಲ್ಲಿ ಕ್ರೆಡಿಟ್ (ಓದಿ ಮುಗಿಸಿದ ವಿಷಯಕ್ಕೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಪಾಯಿಂಟ್) ಸಿಗಬಹುದು, ಯಾವುದಕ್ಕೆ ಕಷ್ಟ ಅಂತ ಒಂದು ಗಂಟೆ ಕೂತು ವಿವರಿಸಿದರು. ಅಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎಷ್ಟನ್ನು ಒಪ್ಪಿಕೊಳ್ಳುವುದು ಅನ್ನೋದು ಆಯಾ ಯೂನಿವರ್ಸಿಟಿಗೆ ಬಿಟ್ಟದ್ದು. ಇಲ್ಲಿ ಎರಡು ವರ್ಷ ಓದಿದರೆ ಅಲ್ಲಿ ನೇರ ಮೂರನೇ ವರ್ಷ ಅಂತೇನೂ ಇಲ್ಲ. ಪ್ರತಿ ವಿಷಯದ ಸಿಲಬಸ್ ಕಾಪಿ ಈಗಲೇ ಕಾಲೇಜಿನಿಂದ ತೆಗೆದಿಟ್ಟುಕೊಳ್ಳಿ ಅಂದರು, ಅದು ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಆದರೆ ಅರ್ಜಿ ತುಂಬುವ ಹುಡುಗನ ಕೈಗೆ ಫೈಲ್ ಹೋದ ಮೇಲೆ ಗೋಳು ಶುರು. ಅಮೆರಿಕದ ಎಷ್ಟೋ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಅನ್ನೋ ವೆಬ್‌ಸೈಟ್‌ನಲ್ಲಿ ಟ್ರಾನ್ಸ್‌ಫರ್‌ನವರಿಗೆ ಬೇರೆಯೇ ಅರ್ಜಿ ಇದೆ, ಅವನು ಮೊದಲ ವರ್ಷಕ್ಕೆ ಸೇರುವವರ ಅರ್ಜಿ ತುಂಬಿಬಿಟ್ಟಿದ್ದ. ಹತ್ತು ದಿನ ಸುಮ್ನೆ ಹೋಯಿತು. ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧವನ್ನೂ ತಾವೇ ಬರೆದುಕೊಡುತ್ತೇವೆ ಅಂದರು, ನಾನು ಬೇಡ ಅಂದೆ. ಯಾಕೆ ಕಾಲೇಜು ಬದಲಾಯಿಸುತ್ತಿದ್ದೇನೆ ಅನ್ನೋದನ್ನು ಮಗಳೇ ಹೇಳಬೇಕು, ಅಲ್ವಾ?

ನನಗೆ ಜಾಸ್ತಿ ಬೇಜಾರಾದದ್ದು ಇನ್ನೊಂದು. ಹೊರದೇಶದಿಂದ ಟ್ರಾನ್ಸ್‌ಫರ್ ಆಗುವವರಿಗೆ ಎಷ್ಟೋ ಕಡೆ ಸ್ಕಾಲರ್‌ಶಿಪ್ ಕಮ್ಮಿ. ಅದನ್ನು ನಾವು ಫೀಸು ಕಟ್ಟಿದ ಮೇಲೆ ಹೇಳಿದರು.

ಹೋಗುವುದಾದರೆ ಮೇಡಂ ಹತ್ತಿರ ಕ್ರೆಡಿಟ್ ವಿಷಯ ಕೇಳಿಕೊಂಡು ಬನ್ನಿ. ಅರ್ಜಿ ಮನೆಯಲ್ಲೇ ತುಂಬಿ.