ಸೊಂಟದ ಸ್ಟೆನೋಸಿಸ್: ಆಪರೇಷನ್ನೋ ಫಿಸಿಯೋಥೆರಪಿಯೋ? ಎರಡೂ ಚಿಕಿತ್ಸೆಗಳ ವಿಮರ್ಶೆ

ಸ್ವಲ್ಪ ದೂರ ನಡೆಯುವಷ್ಟರಲ್ಲಿ ತೊಡೆ, ಮೀನಖಂಡ ಸೆಳೆಯತೊಡಗುತ್ತವೆ. ಕೂತರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತವೆ. ಸೈಕಲ್ ತುಳಿಯಲು ಮಾತ್ರ ತೊಂದರೆಯೇ ಇಲ್ಲ. ಸೊಂಟದ ಸ್ಟೆನೋಸಿಸ್‌ನ, ಅಂದರೆ ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯೊಳಗೆ ನರಗಳು ಹಾಯುವ ನಾಳ ಕಿರಿದಾಗುವುದರ, ಗುರುತು ಇದು. ವಯಸ್ಸಾದಂತೆ ಮುಂದುಗಡೆ ಡಿಸ್ಕ್ ಉಬ್ಬುತ್ತದೆ, ಹಿಂದುಗಡೆಯ ಕೀಲುಗಳೂ ಲಿಗಮೆಂಟೂ ದಪ್ಪಗಾಗುತ್ತವೆ, ನಡುವೆ ನರಗಳಿಗೆ ಜಾಗ ಸಾಲದಾಗುತ್ತದೆ. ಎಲ್4–ಎಲ್5 ಮಟ್ಟದಲ್ಲೇ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನೆಲುಬುಗಳ ನಡುವೆ, ಇದು ಹೆಚ್ಚು. ಮುಂದಕ್ಕೆ ಬಾಗಿದಾಗ ನಾಳ ತುಸು ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗುತ್ತದೆ. ವ್ಯಾಯಾಮದ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆ.

ಮೊದಲು ಕಾಯಿಲೆ ಇದೇ ಹೌದೋ ಎಂದು ಖಚಿತವಾಗಬೇಕು. ಎರಡೂ ಚಿಕಿತ್ಸೆಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ಮೀನಖಂಡ ನೋಯುತ್ತದೆ, ಆದರೆ ಅವರಿಗೆ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ, ಕೂರಬೇಕಿಲ್ಲ. ಪಾದದ ನಾಡಿ ಮುಟ್ಟಿ ನೋಡದೆ ಸ್ಟೆನೋಸಿಸ್ ಎಂದು ಬರೆದುಕೊಟ್ಟರೆ ಆ ಪರೀಕ್ಷೆ ಅರ್ಧವೇ ಆದಂತೆ. ಸಕ್ಕರೆ ಕಾಯಿಲೆಯ ನರದ ತೊಂದರೆಯಲ್ಲಿ ಮಲಗಿದಾಗಲೂ ಪಾದ ಉರಿಯುತ್ತದೆ. ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು ಸವೆದಿದ್ದರೆ ನೋವು ತೊಡೆಸಂದಿನಲ್ಲಿರುತ್ತದೆ. ಕೈಯಲ್ಲಿ ಗುಂಡಿ ಹಾಕಿಕೊಳ್ಳಲಾಗದೆ, ನಡಿಗೆ ತೂರಾಡುತ್ತಿದ್ದರೆ ಮೊದಲು ನೋಡಬೇಕಾದ್ದು ಕುತ್ತಿಗೆಯನ್ನು.

ಎಂಆರ್‌ಐ ವರದಿಗೆ ಕೊಡುವ ಮರ್ಯಾದೆ ಸ್ವಲ್ಪ ಅತಿಯಾಗಿದೆ. ಯಾವ ನೋವೂ ಇಲ್ಲದ ಎಷ್ಟೋ ಹಿರಿಯರ ಚಿತ್ರದಲ್ಲೂ ನಾಳ ಕಿರಿದಾಗಿಯೇ ಕಾಣುತ್ತದೆ. ವರದಿಯಲ್ಲಿ ‘ಸಿವಿಯರ್’ ಎಂದಿದ್ದ ಮಾತ್ರಕ್ಕೆ ಕತ್ತರಿ ಹಿಡಿಯಬೇಕಿಲ್ಲ. ಎಷ್ಟು ದೂರ ನಡೆಯಬಲ್ಲಿರಿ, ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂಬುದೇ ಸರಿಯಾದ ಅಳತೆ.

ಆಪರೇಷನ್ ಇಲ್ಲದ ದಾರಿ ಎಂದರೆ ಮಾತ್ರೆ ನುಂಗಿ ಮಲಗುವುದಲ್ಲ. ಫಿಸಿಯೋಥೆರಪಿಸ್ಟ್ ಕಣ್ಣೆದುರು ವಾರಕ್ಕೆ ಎರಡು ಸಲದಂತೆ ಆರು ವಾರ, ಉಳಿದ ದಿನ ಮನೆಯಲ್ಲಿ: ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ತಂದು 20–30 ಸೆಕೆಂಡು ಹಿಡಿಯುವುದು, ಹೊಟ್ಟೆ ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು, ಪೃಷ್ಠದ ಸ್ನಾಯುಗಳಿಗೆ ಬಲ ಬರಿಸುವುದು, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತುಳಿಯುವುದು. ನಡಿಗೆಯನ್ನು ತುಂಡು ಮಾಡಿಕೊಳ್ಳಿ. ನೋವು ಏರುವ ಮೊದಲೇ ಕೂತು ಮತ್ತೆ ಎದ್ದು ನಡೆಯಿರಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ‘ಬೆನ್ನುನೋವಿನ ವ್ಯಾಯಾಮ’ ಎಂದು ಬೋರಲು ಮಲಗಿಸಿ ಎದೆ ಎತ್ತಿಸುವುದು. ಡಿಸ್ಕ್ ಜಾರಿದ ಕೆಲವರಿಗೆ ಅದು ಹಿತ, ಇಲ್ಲಿ ಹೆಚ್ಚಿನವರಿಗೆ ನಾಳವನ್ನು ಇನ್ನಷ್ಟು ಇರುಕುಗೊಳಿಸುತ್ತದೆ.

ಬೆನ್ನಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್‌ಗೆ ನಮ್ಮಿಂದ ಕಡಿಮೆ ಅಂಕ. 2014ರಲ್ಲಿ ಪ್ರಕಟವಾದ 400 ರೋಗಿಗಳ ಅಧ್ಯಯನದಲ್ಲಿ, ಅರಿವಳಿಕೆ ಮದ್ದಿನ ಜೊತೆ ಸ್ಟಿರಾಯ್ಡ್ ಸೇರಿಸಿದ್ದರಿಂದ ಆರು ವಾರಗಳ ಹೊತ್ತಿಗೆ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಸಿಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಕೆಲವು ದಿನ ಸಕ್ಕರೆ ಏರುವುದು ಬೇರೆ. ನೋವಿನ ಮಾತ್ರೆ ಅಲ್ಪಕಾಲಕ್ಕೆ ಸರಿ, ಮೂತ್ರಪಿಂಡ ದುರ್ಬಲವಿದ್ದವರು ದೂರವಿರಲಿ.

ಇನ್ನು ಆಪರೇಷನ್. ಡೀಕಂಪ್ರೆಷನ್‌ನಲ್ಲಿ ನಾಳದ ಹಿಂಗೋಡೆಯ ಮೂಳೆಯನ್ನು ಭಾಗಶಃ ಅಥವಾ ಪೂರ್ತಿ ತೆಗೆದು, ದಪ್ಪಗಾದ ಲಿಗಮೆಂಟನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಹೆಚ್ಚಿನವರನ್ನು ಅದೇ ದಿನ ಅಥವಾ ಮರುದಿನ ನಡೆಸುತ್ತಾರೆ. ಕಾಲುನೋವು, ನಡಿಗೆಯ ದೂರ ಇವೆರಡರಲ್ಲಿ ಇದರ ಫಲ ಬೇಗ ಕಾಣುತ್ತದೆ. ಬೆನ್ನುನೋವಿಗೆ ಅಷ್ಟಿಲ್ಲ. ಬಹುಕಾಲದ ಜೋಮು ಪೂರ್ತಿ ಹೋಗದೆಯೂ ಉಳಿಯಬಹುದು. ಅಮೆರಿಕದ ‘ಸ್ಪೋರ್ಟ್’ ಅಧ್ಯಯನದಲ್ಲಿ ನರದ ಹೊದಿಕೆ ಹರಿದದ್ದು ನೂರಕ್ಕೆ 9 ಮಂದಿಗೆ. ಎರಡು ವರ್ಷಗಳೊಳಗೆ ನೂರಕ್ಕೆ 8 ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು.

ಎರಡನ್ನೂ ನೇರ ಹೋಲಿಸುವುದು ಕಷ್ಟ, ಏಕೆಂದರೆ ಅಧ್ಯಯನಗಳಲ್ಲಿ ಚೀಟಿ ಎತ್ತಿದಂತೆ ಹಂಚಿದ ಗುಂಪಿನಲ್ಲೇ ರೋಗಿಗಳು ಉಳಿಯುವುದಿಲ್ಲ. ಅದೇ ‘ಸ್ಪೋರ್ಟ್’ನಲ್ಲಿ ಆಪರೇಷನ್ ಬೇಡವೆಂದು ಇಟ್ಟ ಗುಂಪಿನಲ್ಲೂ ನೂರಕ್ಕೆ 43 ಮಂದಿ ಎರಡು ವರ್ಷಗಳಲ್ಲಿ ಮಾಡಿಸಿಕೊಂಡರು. ನಿಜಕ್ಕೂ ಯಾರಿಗೆ ಏನು ಮಾಡಲಾಯಿತು ಎಂದು ನೋಡಿದರೆ ಆಪರೇಷನ್ ಮುಂದಿತ್ತು. 2015ರ ಇನ್ನೊಂದು ಅಧ್ಯಯನದಲ್ಲಿ, ಆಪರೇಷನ್‌ಗೆ ಒಪ್ಪಿಕೊಂಡಿದ್ದ 169 ಮಂದಿಯನ್ನೇ ಎರಡು ಪಾಲು ಮಾಡಿದಾಗ, ಎರಡು ವರ್ಷಗಳ ನಂತರ ಫಿಸಿಯೋಥೆರಪಿ ಗುಂಪಿನ ಓಡಾಟದ ಶಕ್ತಿಯೂ ಆಪರೇಷನ್ ಗುಂಪಿನಷ್ಟೇ ಇತ್ತು. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಅಷ್ಟರಲ್ಲಿ ಆಪರೇಷನ್ ಕಡೆಗೆ ದಾಟಿದ್ದರು. ಹಾಗಾಗಿ ‘ಎರಡೂ ಒಂದೇ’ ಎಂದು ಓದಿಕೊಳ್ಳುವುದು ಸಲ್ಲ. ತಡ ಮಾಡಿದರೆ ಹೆಚ್ಚಿನವರಿಗೆ ಬಾಗಿಲು ಮುಚ್ಚಿಹೋಗುವುದಿಲ್ಲ ಎಂದಷ್ಟೇ ಅದರಿಂದ ತಿಳಿಯುವುದು.

ನಮ್ಮ ತೀರ್ಪು: ಮೂರು ತಿಂಗಳು ಶಿಸ್ತಿನ ವ್ಯಾಯಾಮಕ್ಕೆ ಮೊದಲ ಸ್ಥಾನ. ಅಷ್ಟಾದರೂ ನಡಿಗೆಯ ದೂರ ಕುಗ್ಗುತ್ತಲೇ ಇದ್ದು, ತೊಂದರೆ ಬೆನ್ನಿಗಿಂತ ಕಾಲಿನಲ್ಲಿದ್ದರೆ ಡೀಕಂಪ್ರೆಷನ್ ಒಳ್ಳೆಯ ಆಯ್ಕೆ. ಇದಕ್ಕೊಂದು ಅಪವಾದ ಉಂಟು. ಮೂತ್ರ ಕಟ್ಟುವುದು, ಮಲದ ಹಿಡಿತ ತಪ್ಪುವುದು, ಗುದ–ಜನನಾಂಗದ ಸುತ್ತ ಸ್ಪರ್ಶ ಕಳೆದುಹೋಗುವುದು, ಕಾಲಿನ ಬಲ ದಿಢೀರನೆ ಕುಸಿಯುವುದು: ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮದ ಮಾತು ಬೇಡ, ಅದೇ ದಿನ ತುರ್ತು ವಿಭಾಗಕ್ಕೆ.

ಡೀಕಂಪ್ರೆಷನ್ ಜೊತೆಗೆ ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆಯುವ ಫ್ಯೂಷನ್ ಹೇಳಿದರೆ ಏಕೆಂದು ಕೇಳಲೇಬೇಕು. 2016ರಲ್ಲಿ ಪ್ರಕಟವಾದ ಸ್ವೀಡನ್‌ನ 247 ರೋಗಿಗಳ ಅಧ್ಯಯನದಲ್ಲಿ ಫ್ಯೂಷನ್ ಸೇರಿಸಿದವರು ಡೀಕಂಪ್ರೆಷನ್ ಮಾತ್ರ ಆದವರಿಗಿಂತ ಮುಂದಿರಲಿಲ್ಲ. ಆ 247 ಮಂದಿಯಲ್ಲಿ ಎಷ್ಟೋ ಜನರಿಗೆ ಬೆನ್ನೆಲುಬು ಮುಂದಕ್ಕೆ ಜಾರಿಯೂ ಇತ್ತು. ಫ್ಯೂಷನ್ ಆದವರಲ್ಲಿ ಆಪರೇಷನ್ ಹೊತ್ತು ಮಾತ್ರ ಉದ್ದವಾಗಿ, ರಕ್ತ ಹೆಚ್ಚು ಹೋಗಿತ್ತು. ಟೊಳ್ಳುಮೂಳೆಯವರಲ್ಲಿ ಸ್ಕ್ರೂ ಸಡಿಲವಾಗಬಹುದು, ಸಿಗರೇಟು ಸೇದುವವರಲ್ಲಿ ಬೆಸುಗೆ ಕೂಡುವುದು ತಡ. ಬಾಗಿದಾಗ, ನೆಟ್ಟಗಾದಾಗ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಅಲುಗಾಡುವುದು ಸ್ಪಷ್ಟವಾಗಿ ಕಂಡರೆ, ಅಥವಾ ಬೆನ್ನು ಹೆಚ್ಚು ಸೊಟ್ಟಗಾಗಿದ್ದರೆ ಫ್ಯೂಷನ್‌ಗೆ ಅರ್ಥವಿದೆ. ಆ ಎಕ್ಸ್‌ರೇ ತೆಗೆಸದೆಯೇ ಸ್ಕ್ರೂ ಎಂದರೆ, ಇನ್ನೊಬ್ಬ ಬೆನ್ನುಮೂಳೆ ತಜ್ಞರ ಅಭಿಪ್ರಾಯ ಪಡೆಯಿರಿ.