‘ಕಲಾ ರೇಷ್ಮೆ’ ಎಂದು ಬರೆದು ಕಳುಹಿಸುವವರ ಪೆಟ್ಟಿಗೆಯನ್ನು ಬಿಚ್ಚುವ ಮುನ್ನ

ಮೊದಲೇ ಹೇಳಿಬಿಡುತ್ತೇನೆ, ನಾನು 27 ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಐತಿಹಾಸಿಕ ಕಾದಂಬರಿಯೊಂದರಲ್ಲಿ ಹೊಯ್ಸಳರ ಕಾಲದ ಅಡುಗೆಯವನು ಸಾರಿನ ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿದು ಹಾಕಿದರೆ, ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರಿಂದ, ಅದೂ 1498ರ ನಂತರ ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವ ಚಟ ನನಗಿದೆ. ಅಂಥ ನನ್ನನ್ನು ಒಂದೇ ಪುಟದ ಪತ್ರವೊಂದು ಮೂರ್ಖಳನ್ನಾಗಿ ಮಾಡಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಪತ್ರ ಕಳುಹಿಸಿದ, ಉಡುಪು ಆರಿಸಿ ಮನೆಗೆ ತಲುಪಿಸುವ ಸೇವೆಯ ಜಾಹೀರಾತು ಈಗ ನನ್ನ ಗೆಳತಿಯರ ಮೊಬೈಲಿನಲ್ಲಿಯೂ ಕಾಣಿಸಿಕೊಳ್ಳುತ್ತಿದೆ.

ನಾವು ಏಳು ಮಂದಿ ನಿವೃತ್ತ ಹೆಂಗಸರು ತಿಂಗಳಿಗೊಂದು ಐತಿಹಾಸಿಕ ಕಾದಂಬರಿ ಓದಿ, ಯಾರಾದರೊಬ್ಬರ ಮನೆಯಲ್ಲಿ ಸೇರಿ ಚರ್ಚಿಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಆ ತಿಂಗಳ ಕಾದಂಬರಿ ಶಾಂತಲೆ ಮತ್ತು ವಿಷ್ಣುವರ್ಧನರ ಕಾಲದ್ದು, ಸೇರಬೇಕಾಗಿದ್ದುದು ನಮ್ಮ ಮನೆಯಲ್ಲಿ. ಎಲ್ಲರೂ ಕೈಮಗ್ಗದ ಸೀರೆ ಉಟ್ಟು ಬರೋಣ ಎಂದು ಯಾರೋ ಹೇಳಿದರು. ನನ್ನ ಬಳಿ ಒಳ್ಳೆಯ ಇಳಕಲ್ ಸೀರೆ ಇರಲಿಲ್ಲ, ಅಂಗಡಿ ಅಂಗಡಿ ಸುತ್ತಲು ಮಂಡಿ ನೋವು ಬಿಡುತ್ತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು, ನಮ್ಮ ಅಭಿರುಚಿಯನ್ನು ಕೇಳಿ ತಿಳಿದು, ಅದಕ್ಕೆ ಒಪ್ಪುವ ಉಡುಪು ಒಡವೆಗಳನ್ನು ಆರಿಸಿ ಅಂಚೆಯಲ್ಲಿ ಮನೆಗೆ ಕಳುಹಿಸುತ್ತೇವೆ ಎನ್ನುವ ಒಂದು ಸೇವೆ. ಇಂಥವು ಹೇಗೆ ನಡೆಯುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಸಲಹಾ ಶುಲ್ಕ ಕಟ್ಟಬೇಕು, ಪ್ರಶ್ನೆಗಳಿಗೆ ಉತ್ತರಿಸಬೇಕು, ಪೆಟ್ಟಿಗೆ ಬರುತ್ತದೆ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮೂರು ದಿನದೊಳಗೆ ಹಿಂದಿರುಗಿಸಬೇಕು.

ಎತ್ತರ, ಮೈಬಣ್ಣ, ರವಿಕೆಯ ಅಳತೆ ಎಲ್ಲ ಕೇಳಿದ ಮೇಲೆ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: “ನೀವು ಈಗ ಓದುತ್ತಿರುವ ಪುಸ್ತಕ ಯಾವುದು?” ನಾನು ಬಿದ್ದದ್ದು ಅಲ್ಲಿಯೇ. ಸೀರೆ ಮಾರುವವರು ಪುಸ್ತಕದ ವಿಚಾರ ಕೇಳಿದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಕಾದಂಬರಿಯ ಬಗ್ಗೆ ಇಡೀ ಒಂದು ಪ್ಯಾರಾ ಬರೆದೆ, ಶಾಂತಲೆಯ ಬಗ್ಗೆ ಬರೆದೆ, ನನಗೆ ಬೇಕಾದದ್ದು ಹತ್ತಿಯ ಒಡಲು, ರೇಷ್ಮೆಯ ಸೆರಗಿನ ಕೈಮಗ್ಗದ ಇಳಕಲ್ ಸೀರೆ ಎಂಬುದನ್ನೂ ಸ್ಪಷ್ಟವಾಗಿ ಬರೆದೆ. ₹499 ಶುಲ್ಕ ಕಟ್ಟುವಾಗ ಯುಪಿಐ ಪಿನ್ ಕೇಳಿತು, ಒತ್ತಿದೆ. ಆ ಪಿನ್ನಿನ ಕಥೆ ಮುಂದೆ ಬರುತ್ತದೆ.

ಹನ್ನೊಂದನೆಯ ದಿನ ಪೆಟ್ಟಿಗೆ ಬಂತು. ಒಳಗೆ ಸೀರೆ, ರವಿಕೆ ಕಣ, ಒಂದು ಜೊತೆ ಜುಮುಕಿ, ಒಂದು ಕೈಚೀಲ, ಇವೆಲ್ಲದರ ಮೇಲೆ ದಪ್ಪ ಕಾಗದದಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ನನ್ನ ಹೆಸರಿಗೇ ಬರೆದ ಒಂದು ಪತ್ರ. “ತಾವು ಶಾಂತಲೆಯ ಕಾಲದಲ್ಲಿ ವಿಹರಿಸುತ್ತಿದ್ದೀರಿ. ಆಕೆ ಕಂಡ ಬಣ್ಣಗಳನ್ನೇ, ಒಂಬೈನೂರು ವರ್ಷಗಳ ಅದೇ ನೂಲಿನ ಸೊಬಗನ್ನೇ, ಇಳಕಲ್ಲಿನ ಕಲಾ ರೇಷ್ಮೆಯಲ್ಲಿ ತಮಗಾಗಿ ಆರಿಸಿದ್ದೇವೆ” ಎಂದಿತ್ತು. ಅದನ್ನು ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಫೋಟೊ ತೆಗೆದು ಆರೂ ಮಂದಿಗೆ ಕಳುಹಿಸಿದೆ. ಕಲಾ ರೇಷ್ಮೆ ಎಂಬ ಮಾತು ಎಷ್ಟು ಚೆನ್ನಾಗಿದೆ ಎಂದು ಒಬ್ಬರು ಮೆಚ್ಚಿದರು, ನಾನೂ ಮೆಚ್ಚಿದೆ. ಕಲೆಯುಳ್ಳ ರೇಷ್ಮೆ ಎಂದುಕೊಂಡೆ! ಸೀರೆಗೆ ₹6,850 ಎಂದು ಚೀಟಿಯಲ್ಲಿತ್ತು. ಇಟ್ಟುಕೊಳ್ಳುತ್ತೇನೆ ಎಂದು ತಿಳಿಸಿ, ಪೆಟ್ಟಿಗೆಯ ಪೂರ್ತಿ ಹಣ ಕಟ್ಟಿ, ಕೈಚೀಲವನ್ನೂ ಜುಮುಕಿಯನ್ನೂ ಹಿಂದಿರುಗಿಸಿ, ಮರುದಿನವೇ ಸೀರೆಗೆ ಫಾಲ್ಸ್ ಹೊಲಿಯಲು ಕೊಟ್ಟೆ.

ಸಭೆಯ ದಿನ ನನ್ನ ತಮ್ಮನ ಹೆಂಡತಿಯೂ ಮನೆಯಲ್ಲಿದ್ದಳು. ಅವಳ ತವರು ಗುಳೇದಗುಡ್ಡ, ಖಣ ನೇಯುವ ಮಗ್ಗಗಳ ಸದ್ದಿನಲ್ಲಿಯೇ ಬೆಳೆದವಳು. ಕಾಫಿ ಲೋಟ ಕೈಗೆ ಕೊಡುತ್ತಾ ನನ್ನ ಸೆರಗನ್ನು ಹಿಡಿದವಳು ಬಿಡಲಿಲ್ಲ. ಮಗುಚಿ ನೋಡಿದಳು, ಸೆರಗೂ ಒಡಲೂ ಸೇರುವಲ್ಲಿ ಬೆರಳಾಡಿಸಿದಳು, ಆಮೇಲೆ ಮೆಲ್ಲಗೆ ಹೇಳಿದಳು: “ಅಕ್ಕಾರ, ಇದರಾಗ ಕೊಂಡೀನ ಇಲ್ಲರಿ. ಸೆರಗು ನೇದದ್ದಲ್ಲ, ಅಚ್ಚು ಹಾಕಿದ್ದು.” ಮೆಲ್ಲಗೆ ಹೇಳಿದರೂ ಆರೂ ಮಂದಿಗೆ ಕೇಳಿಸಿತು.

ಇಳಕಲ್ ಸೀರೆಯ ಗುಟ್ಟೇ ಆ ಕೊಂಡಿ. ಒಡಲಿನ ಹಾಸಿನ, ಅಂದರೆ ಉದ್ದುದ್ದ ಹಾಯುವ, ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆಯಂತೆ ಸಿಕ್ಕಿಸಿ ಆಮೇಲೆ ನೇಯುತ್ತಾರೆ, ಆದ್ದರಿಂದ ಒಡಲು ಒಂದು ನೂಲಿನದು, ಸೆರಗು ಇನ್ನೊಂದು ನೂಲಿನದು ಆಗಲು ಸಾಧ್ಯವಾಗುತ್ತದೆ. ಕೆಂಪು ಸೆರಗಿನ ಮೇಲೆ ತೋಪು ತೆನೆ ಎನ್ನುವ ಬಿಳಿಯ ವಿನ್ಯಾಸ ನೇಯ್ಗೆಯಲ್ಲಿಯೇ ಮೂಡಬೇಕು. ನನ್ನ ಸೀರೆಯಲ್ಲಿ ತೆನೆ ಮೇಲ್ಮುಖದಲ್ಲಿ ಮಾತ್ರವೇ ಬೆಳ್ಳಗಿತ್ತು, ಹಿಂಬದಿಯಲ್ಲಿ ಮಾಸಿದ ಚಿತ್ರದಂತೆ ಕಾಣುತ್ತಿತ್ತು. ಅವಳು ಸೆರಗಿನ ತುದಿಯಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಇದು ಕರಗಿ, ಮುದುಡಿ, ಗಟ್ಟಿಯಾದ ಕರಿಯ ಮಣಿಯಾಯಿತು. ವಾಸನೆ ಪ್ಲಾಸ್ಟಿಕ್ಕಿನದು. ಆ ದಿನ ಕಾದಂಬರಿಯ ಬಗ್ಗೆ ನಾನು ಏನು ಮಾತಾಡಿದೆನೋ ನೆನಪಿಲ್ಲ.

ರಾತ್ರಿ ಮತ್ತೆ ಆ ಪತ್ರ ಓದಿದೆ. ಆಗ ಹೊಳೆಯಿತು. ಆರ್ಟ್ ಸಿಲ್ಕ್! ಬಟ್ಟೆ ಅಂಗಡಿಯವರ ಬಾಯಲ್ಲಿ ಆರ್ಟ್ ಎಂದರೆ ಆರ್ಟಿಫಿಶಿಯಲ್, ಅಂದರೆ ಕೃತಕ ರೇಷ್ಮೆ. ಅಂಗಡಿಯಲ್ಲಿ ಯಾರಾದರೂ ಆರ್ಟ್ ಸಿಲ್ಕ್ ಎಂದಿದ್ದರೆ ನಾನು ಕ್ಷಣದಲ್ಲಿ ಗುರುತಿಸುತ್ತಿದ್ದೆ, ಮೂವತ್ತು ವರ್ಷದಿಂದ ಗೊತ್ತಿರುವ ಮಾತು ಅದು. ಅದನ್ನು ಕಲಾ ರೇಷ್ಮೆ ಎಂದು ಕನ್ನಡ ಮಾಡಿ ಮುಂದಿಟ್ಟರು, ನಾನು ನಂಬಿದೆ. ಬೇಲೂರಿನ ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ, ಕೃತಕ ರೇಷ್ಮೆ ಯೂರೋಪಿನ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದ್ದು 19ನೆಯ ಶತಮಾನದ ಕೊನೆಯಲ್ಲಿ. ಕಾದಂಬರಿಕಾರರ ಸಾರಿನಲ್ಲಿ ಒಂದು ಮೆಣಸಿನಕಾಯಿ ಸಹಿಸದವಳು ಏಳುನೂರು ವರ್ಷಕ್ಕೂ ಮಿಕ್ಕಿದ ಈ ಪ್ರಮಾದವನ್ನು ಉಟ್ಟುಕೊಂಡು ಕುಳಿತಿದ್ದೆ.

ಅವರ ಉತ್ತರಗಳನ್ನು ನೀವು ಓದಲೇಬೇಕು. ಕೈಮಗ್ಗದ ರೇಷ್ಮೆ ಸೆರಗು ಕೇಳಿದವಳಿಗೆ ಅಚ್ಚು ಹಾಕಿದ ಕೃತಕ ನೂಲಿನ ಸೀರೆ ಕಳುಹಿಸಿದ್ದೀರಿ ಎಂದು ಬರೆದೆ. ಮೊದಲ ಉತ್ತರ: “ತಮ್ಮ ಅನಿಸಿಕೆ ನಮಗೆ ಅಮೂಲ್ಯ.” ಅನಿಸಿಕೆಯಲ್ಲ, ದೂರು ಎಂದು ಮತ್ತೆ ಬರೆದೆ. ಎರಡನೆಯ ಉತ್ತರ: “ಮೇಡಂ, ಆರ್ಟ್ ಸಿಲ್ಕ್‌ಗೆ ಕನ್ನಡದಲ್ಲಿ ಕಲಾ ರೇಷ್ಮೆ ಎನ್ನುತ್ತಾರೆ. ಪತ್ರದಲ್ಲಿ ನಾವು ಏನನ್ನೂ ಮುಚ್ಚಿಟ್ಟಿಲ್ಲ.” ಕನ್ನಡದಲ್ಲಿ ಎನ್ನುತ್ತಾರಂತೆ! ಯಾರು ಎನ್ನುತ್ತಾರೆ ಎಂದು ಕೇಳಿದೆ, ಉತ್ತರವಿಲ್ಲ. ಒಂಬೈನೂರು ವರ್ಷಗಳ ಅದೇ ನೂಲು ಎಂದಿರಲ್ಲ, ಅದು ಯಾವ ನೂಲು ಎಂದು ಕೇಳಿದೆ. “ಅದು ತಮ್ಮ ಓದಿನ ಅಭಿರುಚಿಗೆ ತಕ್ಕಂತೆ ಬರೆದ ಭಾವನಾತ್ಮಕ ಸಂದೇಶವೇ ಹೊರತು ಉತ್ಪನ್ನದ ವಿವರಣೆಯಲ್ಲ” ಎಂದರು. ಈ ವಾಕ್ಯವನ್ನು ನಾನು ಹತ್ತು ಸಲ ಓದಿದ್ದೇನೆ, ಹತ್ತು ಸಲವೂ ಮೈ ಉರಿದಿದೆ. ಸೀರೆ ಹಿಂದಕ್ಕೆ ತೆಗೆದುಕೊಳ್ಳಿ ಎಂದದ್ದಕ್ಕೆ ಮೂರು ದಿನ ಮೀರಿದೆ, ಮೇಲಾಗಿ ಫಾಲ್ಸ್ ಹೊಲಿಸಿರುವುದರಿಂದ ಅದು ಬಳಸಿದ ಬಟ್ಟೆ ಎಂದರು. ಹಿಂದಿರುಗಿಸಿದ ಜುಮುಕಿ, ಕೈಚೀಲಗಳ ಹಣವನ್ನು ಖಾತೆಗೆ ಹಾಕದೆ, ಅವರಲ್ಲಿಯೇ ಮುಂದೆ ಬಳಸಬಹುದಾದ ಅಂಕಗಳನ್ನಾಗಿ ಕೊಟ್ಟರು.

ಇಷ್ಟರಲ್ಲಿ ಇನ್ನೊಂದು ₹499 ಖಾತೆಯಿಂದ ಹೋಯಿತು. ನಾನು ಒತ್ತಿದ ಪಿನ್ ಒಂದು ಸಲದ ಪಾವತಿಗಲ್ಲ, ತಿಂಗಳು ತಿಂಗಳೂ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆಯಾಗಿತ್ತು. ‘ಪ್ರತಿ ತಿಂಗಳೂ ಪೆಟ್ಟಿಗೆ ಬೇಕು’ ಎಂಬಲ್ಲಿ ಮೊದಲೇ ಟಿಕ್ ಗುರುತು ಹಾಕಿಟ್ಟಿದ್ದರು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಹಾಗೆ ಮೊದಲೇ ಗುರುತು ಹಾಕಿ ಗ್ರಾಹಕರ ಒಪ್ಪಿಗೆ ಪಡೆಯುವಂತಿಲ್ಲ, ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಇದನ್ನು ನಿಯಮದ ಹೆಸರಿನೊಂದಿಗೆ ಬರೆದು ಕಳುಹಿಸಿದ ಮೇಲೆಯೇ ಎರಡನೆಯ ₹499 ಹಿಂದೆ ಬಂದದ್ದು. ಸೀರೆಯ ಹಣ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಇಳಕಲ್ ಕೊಳ್ಳುವವರು ದಯವಿಟ್ಟು ಪತ್ರ ಓದುವ ಮೊದಲು ಸೆರಗನ್ನು ಮಗುಚಿ ನೋಡಿ, ಕೊಂಡಿ ಹುಡುಕಿ, ಕೈಮಗ್ಗದ ಗುರುತಿನ ಚೀಟಿ ಇದೆಯೇ ನೋಡಿ, ಯಾವ ನೂಲು ಎಂಬುದನ್ನು ಅವರಿಂದ ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿಯವರೆಗೆ ಫಾಲ್ಸ್ ಹೊಲಿಸಬೇಡಿ. ಮೊಬೈಲಿನ ಪಾವತಿ ಆ್ಯಪಿನಲ್ಲಿ ಆಟೋಪೇ ಎಂಬ ಭಾಗ ತೆರೆದು ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂದು ಇಂದೇ ನೋಡಿ. ಏನು ಓದುತ್ತೀರಿ ಎಂದು ಸೀರೆ ಮಾರುವವರು ಕೇಳಿದರೆ ನಾನಂತೂ ಇನ್ನು ಮೇಲೆ ಪಂಚಾಂಗ ಎನ್ನುತ್ತೇನೆ.

ನಿನ್ನೆ ಬೆಳಿಗ್ಗೆ ಅವರಿಂದ ಮತ್ತೊಂದು ಸಂದೇಶ ಬಂದಿದೆ. ಹೊಯ್ಸಳರ ಕಾಲದ ಅನುಭವ ತಮಗೆ ತೃಪ್ತಿ ತಂದಿರಬಹುದೆಂದು ಭಾವಿಸುತ್ತೇವೆ, ಈ ತಿಂಗಳು ಯಾವ ರಾಜವಂಶದ ಕಾದಂಬರಿ ಓದುತ್ತಿದ್ದೀರಿ ಎಂದು ಕೇಳಿದ್ದಾರೆ. ಅದನ್ನೂ ದೂರಿನ ಕಡತಕ್ಕೆ ಸೇರಿಸಿದ್ದೇನೆ.