ನಿದ್ರೆಯ ಪೆಪ್ಟೈಡ್: ನಾಲ್ಕು ವರ್ಷ ಕರಗಿಸಿ, ಅಳೆದು ಬಳಸಿದ ಮೇಲೆ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳ ನಿದ್ರೆಯ ಅಧ್ಯಯನ ನಡೆಯುತ್ತದೆ. ಅಲ್ಲಿ ದ್ರಾವಣ ತಯಾರಿಸುವುದು, ಡೋಸ್ ಅಳೆಯುವುದು ನನ್ನ ಕೆಲಸ. ಡಿಎಸ್‌ಐಪಿ (ಡೆಲ್ಟಾ ಸ್ಲೀಪ್ ಇಂಡ್ಯೂಸಿಂಗ್ ಪೆಪ್ಟೈಡ್) ಎಂಬ ಪೆಪ್ಟೈಡನ್ನು ನಾಲ್ಕು ವರ್ಷಗಳಿಂದ ಒಬ್ಬರೇ ಮಾರಾಟಗಾರರಿಂದ ತರಿಸುತ್ತಿದ್ದೇವೆ. 5 ಮಿಲಿಗ್ರಾಂನ ಪುಟ್ಟ ಗಾಜಿನ ವಯಲ್, ರಬ್ಬರ್ ಬಿರಡೆ, ಒಳಗೆ ಬೆಳ್ಳಗಿನ ಪುಡಿ. ಪುಡಿಯ ಬಗ್ಗೆ ನನ್ನ ತಕರಾರು ಕಡಿಮೆ. ವಯಲ್ ಮೇಲೆ ಅಂಟಿಸಿರುವ ಚೀಟಿಯ ಬಗ್ಗೆ ಹೆಚ್ಚು.

ಈ ಪೆಪ್ಟೈಡಿನ ಹುಟ್ಟು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ಮೊನಿಯೆ ಮತ್ತು ಶೋನೆನ್‌ಬರ್ಗರ್ ಅವರ ತಂಡ ಮೊಲಗಳ ಮೆದುಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ಮಲಗಿಸಿ, ಮೆದುಳಿನಿಂದ ಹೊರಬರುವ ರಕ್ತದಲ್ಲಿ ಇದನ್ನು ಹುಡುಕಿ ತೆಗೆಯಿತು. 1977ರಲ್ಲಿ ಇದರ ರಚನೆ ಪ್ರಕಟವಾಯಿತು: ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ, ಅಣುತೂಕ ಸುಮಾರು 849. ಗಾಢ ನಿದ್ರೆಯ ಡೆಲ್ಟಾ ಅಲೆಗಳನ್ನು ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ ಆ ಹೆಸರು. ಆದರೆ ನಂತರದ ಪ್ರಯೋಗಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ದೇಹದಲ್ಲಿ ಇದನ್ನು ತಯಾರಿಸುವ ಜೀನ್ ಕೂಡ ಪತ್ತೆಯಾಗಿಲ್ಲ. ವಸ್ತುವೇ ಇಷ್ಟು ಗೊಂದಲದ್ದಾಗಿರುವಾಗ ಅಳತೆಯ ಗೊಂದಲವನ್ನೂ ಅದಕ್ಕೆ ಸೇರಿಸಬಾರದು ಎಂಬುದು ನನ್ನ ಹಟ.

ಕರಗುವ ವಿಷಯದಲ್ಲಿ ಇದು ಒಳ್ಳೆಯ ಸರಕು, ನೀರಿನಲ್ಲೇ ಸಲೀಸಾಗಿ ಕರಗುತ್ತದೆ. ಫ್ರೀಜರಿನಿಂದ ತೆಗೆದ ವಯಲನ್ನು ಅರ್ಧ ಗಂಟೆ ಮುಚ್ಚಿದಂತೆಯೇ ಮೇಜಿನ ಮೇಲೆ ಬಿಡುತ್ತೇನೆ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗೆ ಇಳಿದು ಪುಡಿ ಅಂಟಾಗುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು. ಈ ಹೆಜ್ಜೆಯನ್ನು ಹೊಸಬರು ಬಿಟ್ಟುಬಿಡುತ್ತಾರೆ. ಪ್ರಯಾಣದಲ್ಲಿ ಅಲುಗಾಡಿದ ಪುಡಿ ಬಿರಡೆಯ ಅಡಿಗೆ ಬೂದಿಯಂತೆ ಅಂಟಿಕೊಂಡಿರುತ್ತದೆ, ಬಿರಡೆ ಕಿತ್ತರೆ ಅದರ ಜೊತೆಗೇ ಹೋಗುತ್ತದೆ. ನೀರನ್ನು ಗೋಡೆಯಗುಂಟ ನಿಧಾನವಾಗಿ ಬಿಡಬೇಕು, ವಯಲನ್ನು ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಏಳುತ್ತದೆ, ನೊರೆ ಎದ್ದ ಮೇಲೆ ಪಿಪೆಟ್ಟಿನ ಅಳತೆಯನ್ನು ನಂಬುವಂತಿಲ್ಲ.

ಇನ್ನು ಚೀಟಿ. ‘5 ಮಿ.ಗ್ರಾಂ, ಶುದ್ಧತೆ ಶೇ. 98’ ಎಂದು ಬರೆದಿರುತ್ತದೆ. ಮೊದಲ ವರ್ಷ ಅದನ್ನೇ ನಂಬಿ 5 ಮಿಲಿಲೀಟರ್ ನೀರು ಹಾಕಿ, ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಎಂದು ಬರೆದುಕೊಳ್ಳುತ್ತಿದ್ದೆ. ಅದು ತಪ್ಪು. ಶುದ್ಧತೆ ಎಂದರೆ ಪುಡಿಯಲ್ಲಿರುವ ಪೆಪ್ಟೈಡುಗಳ ಪೈಕಿ ನಮಗೆ ಬೇಕಾದದ್ದು ಎಷ್ಟು ಎಂಬ ಲೆಕ್ಕ. ಪುಡಿಯ ಒಟ್ಟು ತೂಕದಲ್ಲಿ ತಯಾರಿಕೆಯಿಂದ ಉಳಿದ ಟ್ರೈಫ್ಲೋರೋಅಸಿಟೇಟ್ ಉಪ್ಪು, ತೇವ ಎಲ್ಲವೂ ಸೇರಿರುತ್ತವೆ. ನಿಜವಾದ ಪೆಪ್ಟೈಡಿನ ಪಾಲನ್ನು ಬೇರೆಯಾಗಿ ಹೇಳಬೇಕು. ನಮ್ಮ ಮಾರಾಟಗಾರರು ಕೇಳಿದರೆ ಮಾತ್ರ ಹೇಳುತ್ತಾರೆ, ಕೆಲವೊಮ್ಮೆ ಕೇಳಿದರೂ ಉತ್ತರ ಬರುವುದಿಲ್ಲ.

ಹಾಗಾಗಿ ನಾನೇ ಅಳೆಯತೊಡಗಿದೆ. ಈ ಸರಪಳಿಯ ಮೊದಲ ಕೊಂಡಿ ಟ್ರಿಪ್ಟೋಫ್ಯಾನ್. ಅದು 280 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಉಪ್ಪಿಗಾಗಲಿ ತೇವಕ್ಕಾಗಲಿ ಆ ಗುಣವಿಲ್ಲ. ಪುಡಿಯನ್ನು ಮೊದಲು 2.5 ಮಿಲಿಲೀಟರಿನಲ್ಲಿ ಮಾತ್ರ ಕರಗಿಸುತ್ತೇನೆ. ಅದರಿಂದ ಒಂದು ತೊಟ್ಟು ತೆಗೆದು ಇಪ್ಪತ್ತು ಪಟ್ಟು ತೆಳುವಾಗಿಸಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿಗೆ ಇಡುತ್ತೇನೆ. ಚೀಟಿ ಹೇಳಿದಷ್ಟೇ ಪೆಪ್ಟೈಡ್ ಇದ್ದರೆ ಹೀರಿಕೆಯ ಅಂಕಿ ಸುಮಾರು 0.65 ಬರಬೇಕು. ಮೊದಲ ಸಲ ನೋಡಿದಾಗ 0.52 ಬಂತು. ನನ್ನದೇ ಕೈತಪ್ಪೆಂದು ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಅದೇ. ಅಂದರೆ ವಯಲಿನಲ್ಲಿ ಇದ್ದದ್ದು 5 ಅಲ್ಲ, 4 ಮಿಲಿಗ್ರಾಂ. ಅದಕ್ಕೂ ಹಿಂದಿನ ಒಂದು ವರ್ಷದ ದಾಖಲೆಗಳ ಪಕ್ಕದಲ್ಲಿ ‘ನಿಜವಾದ ಡೋಸ್ ತಿಳಿದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆಯಬೇಕಾಯಿತು. ಆ ದಿನ ಊಟ ಸೇರಲಿಲ್ಲ. ಆ ಇಲಿಗಳ ತಲೆಗೆ ಶಸ್ತ್ರಚಿಕಿತ್ಸೆ ಮಾಡಿ ಎಲೆಕ್ಟ್ರೋಡ್ ಕೂರಿಸಿದ್ದೆವು. ಅವುಗಳಿಂದ ಪಡೆದದ್ದನ್ನು ಸರಿಯಾಗಿ ಬಳಸುವ ಹೊಣೆ ನಮ್ಮದು.

ಈಗ ಯಂತ್ರ ತೋರಿಸಿದ ಅಂಕಿಯ ಪ್ರಕಾರ ಉಳಿದ ನೀರು ಸೇರಿಸಿ ಸಾಂದ್ರತೆ ಸರಿಪಡಿಸುತ್ತೇನೆ. ಕೂಡಲೇ ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಪುಟ್ಟ ಟ್ಯೂಬುಗಳಿಗೆ ಹಂಚಿ, ಬೆಳಕು ಬೀಳದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ ಫ್ರೀಜರಿಗೆ ಇಡುತ್ತೇನೆ. ಒಮ್ಮೆ ಕರಗಿದ ಟ್ಯೂಬು ಮತ್ತೆ ಒಳಗೆ ಹೋಗುವುದಿಲ್ಲ.

ಅಳತೆಯ ಇನ್ನೊಂದು ತುದಿಯಲ್ಲಿರುವುದು ಸಿರಿಂಜು. ಸಣ್ಣ ಪ್ರಮಾಣಕ್ಕೆ ಇನ್ಸುಲಿನ್ ಸಿರಿಂಜು ಅನುಕೂಲ. ನಮ್ಮ ದೇಶದಲ್ಲಿ ಅದು ಎರಡು ಬಗೆಯಲ್ಲಿ ಸಿಗುತ್ತದೆ. ಕೆಂಪು ಮುಚ್ಚಳದ ಯು-40ರಲ್ಲಿ 40 ಗೆರೆ ಎಂದರೆ ಒಂದು ಮಿಲಿಲೀಟರ್. ಕಿತ್ತಳೆ ಮುಚ್ಚಳದ ಯು-100ರಲ್ಲಿ 100 ಗೆರೆ. ನಾವು ಕಿಲೋಗ್ರಾಂ ತೂಕಕ್ಕೆ ಒಂದು ಮಿಲಿಲೀಟರಿನಂತೆ ಕೊಡುತ್ತೇವೆ. 250 ಗ್ರಾಂ ಇಲಿಗೆ 0.25 ಮಿಲಿಲೀಟರ್, ಅಂದರೆ ಒಂದರಲ್ಲಿ 10ನೇ ಗೆರೆ, ಇನ್ನೊಂದರಲ್ಲಿ 25ನೇ ಗೆರೆ. ಕಳೆದ ವರ್ಷ ಅಂಗಡಿಯಲ್ಲಿ ಕಿತ್ತಳೆ ಮುಗಿದಿದೆಯೆಂದು ಕೆಂಪು ಬಂತು. ವಿದ್ಯಾರ್ಥಿಯೊಬ್ಬ ರೂಢಿಯಂತೆ 25ಕ್ಕೆ ಎಳೆದ. ಒಂದು ಇಲಿಗೆ ಎರಡೂವರೆ ಪಟ್ಟು ಹೋಯಿತು. ಅದು ಚೆನ್ನಾಗಿಯೇ ಇತ್ತು, ಆದರೆ ಆ ದಿನದ ದಾಖಲೆಯನ್ನು ಕೈಬಿಟ್ಟೆವು. ಹುಡುಗನನ್ನು ಬೈಯಲಿಲ್ಲ. ನನ್ನ ಹಾಳೆಯಲ್ಲಿ ಮಿಲಿಲೀಟರ್ ಬರೆಯದೆ ‘25 ಗೆರೆ’ ಎಂದು ಬರೆದದ್ದು ನಾನೇ. ಅಂದಿನಿಂದ ಹಾಳೆಯಲ್ಲಿ ಮಿಲಿಲೀಟರ್ ಬಿಟ್ಟು ಬೇರೆ ಅಳತೆಯಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಸೋದರಮಾವನಿಗೆ ವರ್ಷಗಳಿಂದ ನಿದ್ರೆಯ ತೊಂದರೆ. ‘ನಿನ್ನ ಹತ್ತಿರ ನಿದ್ರೆಯ ಔಷಧಿ ಇದೆಯಂತಲ್ಲ, ಒಂದು ಸೀಸೆ ತಂದುಕೊಡು’ ಎಂದು ಒಮ್ಮೆ ಕೇಳಿದರು. ‘ಮಾವ, ಇದು ಔಷಧಿಯೇ ಅಲ್ಲ’ ಎಂದೆ. ವಯಲಿನ ಮೇಲೆಯೇ ಮನುಷ್ಯರಿಗಲ್ಲ ಎಂದು ಬರೆದಿದೆ. ಇದು ಕ್ರಿಮಿರಹಿತ ಎಂದು ಯಾರೂ ಪ್ರಮಾಣ ಕೊಟ್ಟಿಲ್ಲ, ಬ್ಯಾಕ್ಟೀರಿಯಾದ ವಿಷಾಂಶದ ಪರೀಕ್ಷೆಯ ವರದಿಯೂ ಜೊತೆಗೆ ಬರುವುದಿಲ್ಲ. ಐದರಲ್ಲಿ ಒಂದು ಪಾಲು ತೂಕ ಬೇರೆಯದೇ ಆಗಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಕರಗಿಸಿ ಚುಚ್ಚಿಕೊಳ್ಳುವವರ ಬಳಿ ಸ್ಪೆಕ್ಟ್ರೋಫೋಟೋಮೀಟರ್ ಎಲ್ಲಿಂದ ಬರಬೇಕು? ಮಾವನನ್ನು ನಿದ್ರೆಯ ತಜ್ಞರ ಬಳಿ ಕರೆದುಕೊಂಡು ಹೋದೆ. ರಾತ್ರಿಯ ಪರೀಕ್ಷೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುತ್ತಿದ್ದದ್ದು ತಿಳಿಯಿತು. ಈಗ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಾರೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಬ್ಯಾಚ್ ಯಾವುದಾದರೂ ಪುಡಿ ಸ್ವಚ್ಛವಾಗಿ ಕರಗುತ್ತದೆ, ಪ್ಯಾಕಿಂಗ್ ಗಟ್ಟಿ, ಬೇಸಿಗೆಯಲ್ಲೂ ಪೆಟ್ಟಿಗೆಯೊಳಗಿನ ಐಸ್ ಪೊಟ್ಟಣ ತಣ್ಣಗೆ ತಲುಪಿದೆ. ನಿಜವಾದ ಪೆಪ್ಟೈಡಿನ ಪ್ರಮಾಣವನ್ನು ಚೀಟಿಯಲ್ಲೇ ಅಚ್ಚು ಹಾಕಿದ ದಿನ ನಾಲ್ಕು ಕೊಡುತ್ತೇನೆ. ಈ ವಾರ ಬಂದ ಬ್ಯಾಚ್ 0.57 ತೋರಿಸಿತು, ಅಂದರೆ 4.4 ಮಿಲಿಗ್ರಾಂ. ವಯಲ್ ಮೇಲಿನ 5ನ್ನು ಹೊಡೆದುಹಾಕಿ, ಪಕ್ಕದಲ್ಲಿ 4.4 ಎಂದು ಮಾರ್ಕರಿನಲ್ಲಿ ಬರೆದು, ದಿನಾಂಕ ಹಾಕಿ ಫ್ರೀಜರಿನ ಎರಡನೇ ಅರೆಯಲ್ಲಿ ಇಟ್ಟಿದ್ದೇನೆ.